ಶರಣಾರ್ಥಿ ಮತ್ತು ನಿರಾಶ್ರಿತ: ದಾಸೋಹದ ನೆಲದಲ್ಲಿ ಆಶ್ರಯದ ಸಂಕಥನ

೧

ಕಲಬುರಗಿ ಸೀಮೆಯಲ್ಲಿ ಪರಿಚಿತರಿಬ್ಬರು ಎದುರಾದಾಗ ಒಬ್ಬರು 'ಶರಣು' ಎನ್ನುವುದು, ಇನ್ನೊಬ್ಬರು 'ಶರಣಾರ್ಥಿ' ಎಂದು ಮರುನುಡಿಯುವುದು ಇಂದಿಗೂ ರೂಢಿಯಲ್ಲಿದೆ. ಆಡುವವರ ಮಟ್ಟಿಗೆ ಇದು ನಮಸ್ಕಾರಕ್ಕೆ ಪರ್ಯಾಯವಾದ ಮಾತು. ಅದರ ಅರ್ಥವನ್ನು ಬಿಡಿಸಿ ನೋಡುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಆದರೆ ಇದೇ ಪದ ಹಿಂದಿಯಲ್ಲಿ ಬೇರೊಂದು ಅರ್ಥವನ್ನು ಹೊತ್ತಿದೆ. ದೇಶವಿಭಜನೆಯ ಕಾಲದಿಂದಲೂ ಅಲ್ಲಿ 'ಶರಣಾರ್ಥಿ' ಎಂದರೆ ಮನೆ ಊರುಗಳನ್ನು ತೊರೆದು ಪರನೆಲದಲ್ಲಿ ಆಶ್ರಯ ಕೋರಿ ಬಂದವನು. ಕನ್ನಡವು ಈ ಅರ್ಥಕ್ಕೆ 'ನಿರಾಶ್ರಿತ' ಎಂಬ ಪದವನ್ನು ಆರಿಸಿಕೊಂಡಿತು.

ಎರಡೂ ಸಂಸ್ಕೃತಮೂಲದ ಪದಗಳೇ. ಆದರೆ ಅವು ಒಬ್ಬನೇ ವ್ಯಕ್ತಿಯನ್ನು ಎರಡು ಕಡೆಯಿಂದ ನೋಡುತ್ತವೆ. 'ನಿರಾಶ್ರಿತ' ಎಂಬುದು ಇಲ್ಲದಿರುವಿಕೆಯನ್ನು ಹೇಳುವ ಪದ. ಅದರಲ್ಲಿ ಕಳೆದುಕೊಂಡವನಿದ್ದಾನೆ, ಕೇಳುವವನಿಲ್ಲ. 'ಶರಣಾರ್ಥಿ'ಯಲ್ಲಾದರೋ 'ಅರ್ಥಿ' ಇದ್ದಾನೆ. ಅವನು ಬಾಗಿಲಲ್ಲಿ ನಿಂತು ಕೇಳುತ್ತಾನೆ. ಅವನ ಕೇಳಿಕೆಗೆ ಹೌದೆಂದೋ ಅಲ್ಲವೆಂದೋ ಯಾರಾದರೂ ಉತ್ತರ ಕೊಡಬೇಕಾಗುತ್ತದೆ. ಮೊದಲನೆಯ ಪದ ಅನುಕಂಪವನ್ನು ಹುಟ್ಟಿಸಿದರೆ ಎರಡನೆಯದು ಹೊಣೆಯನ್ನು ಹುಟ್ಟಿಸುತ್ತದೆ. ಕಲಬುರಗಿಯ ಅಭಿವಂದನೆಯಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಅಲ್ಲಿ ಶರಣು ಎಂದವರೂ ಶರಣಾರ್ಥಿ ಎಂದವರೂ ಆಶ್ರಯ ಕೋರುವವರ ಸ್ಥಾನದಲ್ಲಿಯೇ ನಿಂತಿರುತ್ತಾರೆ. ಕೊಡುವವನ ಸ್ಥಾನವನ್ನು ಇಬ್ಬರೂ ಖಾಲಿ ಬಿಟ್ಟಿರುತ್ತಾರೆ.

ಆಶ್ರಯ ಕೋರಿ ಬಂದವರನ್ನು ಒಂದು ನಾಡು ಹೇಗೆ ನಡೆಸಿಕೊಳ್ಳಬೇಕು ಎಂಬ ಪ್ರಶ್ನೆ ೨೦೧೯-೨೦ರಲ್ಲಿ ಕರ್ನಾಟಕದ ಸಾರ್ವಜನಿಕ ಚರ್ಚೆಯ ಕೇಂದ್ರಕ್ಕೆ ಬಂದಿತು. ಆ ಚರ್ಚೆಯಲ್ಲಿ ಶರಣ ಪರಂಪರೆಯ ಹೆಸರು, ಅದರಲ್ಲಿಯೂ ದಾಸೋಹದ ಹೆಸರು, ಮತ್ತೆ ಮತ್ತೆ ಕೇಳಿಬಂದಿತು. ಪರಂಪರೆಯನ್ನು ಸಾಕ್ಷಿಗೆ ಕರೆದವರು ಅದು ನಿಜವಾಗಿ ಹೇಳುವುದೇನೆಂಬುದನ್ನು ಕೇಳಿಸಿಕೊಂಡರೇ ಎಂಬುದನ್ನು ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ದಾಸೋಹ ಪರಂಪರೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಶರಣಬಸವೇಶ್ವರರ (೧೭೪೬-೧೮೨೨) ಹುಟ್ಟೂರು ಜೇವರ್ಗಿ ತಾಲ್ಲೂಕಿನ ಅರಳಗುಂಡಗಿ. ಅವರು ಊರನ್ನು ಬಿಟ್ಟು ಹೊರಟು ಕಲಬುರಗಿಗೆ ಬಂದರು. ದೊಡ್ಡಪ್ಪಗೌಡರ ಆಮಂತ್ರಣದ ಮೇರೆಗೆ ಇಲ್ಲಿ ನೆಲೆನಿಂತು ದಾಸೋಹವನ್ನು ನಡೆಸಿದರು. ಅವರ ಸಮಾಧಿಯ ಸ್ಥಳವೇ ಇಂದಿನ ದೇವಸ್ಥಾನ. ಹೋಳಿ ಹುಣ್ಣಿಮೆಯ ಬಳಿಕ ನಡೆಯುವ ರಥೋತ್ಸವದಲ್ಲಿ ಸಂಸ್ಥಾನದ ಪೀಠಾಧಿಪತಿಗಳು ಪರುಸ ಬಟ್ಟಲನ್ನು ಎತ್ತಿ ತೋರಿಸಿದ ಮೇಲೆ ತೇರು ಸಾಗುತ್ತದೆ. ಸುತ್ತಲಿನ ಜಿಲ್ಲೆಗಳಿಂದಲೂ ತೆಲಂಗಾಣ, ಮಹಾರಾಷ್ಟ್ರಗಳಿಂದಲೂ ಜನ ಬರುತ್ತಾರೆ. ಬಹುಪಾಲು ಗುಡಿಗಳಲ್ಲಿ ಉತ್ಸವಕ್ಕೆ ಮೂರ್ತಿ ಕೇಂದ್ರವಾದರೆ ಇಲ್ಲಿ ಜನರ ಕಣ್ಣು ಕಾಯುವುದು ಒಂದು ಬಟ್ಟಲಿಗಾಗಿ ಎಂಬುದು ಗಮನಾರ್ಹ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರ ವಿದ್ವಾಂಸರಿಗೆ ಹೊಸದಲ್ಲ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ನೀಡುವವನೇ ದಾಸ. ಕಾಯಕದಿಂದ ಬಂದದ್ದನ್ನು ಸಲ್ಲಬೇಕಾದಲ್ಲಿಗೆ ಸಲ್ಲಿಸುವುದಷ್ಟೇ ಅವನ ಕೆಲಸ. ಆದುದರಿಂದ ಪಂಕ್ತಿಯಲ್ಲಿ ಕುಳಿತವನು ಉಪಕೃತನಲ್ಲ. ಅವನು ಬಂದುದರಿಂದಲೇ ನೀಡುವವನ ದಾಸತ್ವ ಸಾರ್ಥಕವಾಗುತ್ತದೆ. ಆಚರಣೆಯಲ್ಲಿ ಈ ಆದರ್ಶ ಎಲ್ಲ ಕಾಲದಲ್ಲಿಯೂ ಎಲ್ಲ ಮಠಗಳಲ್ಲಿಯೂ ಅಖಂಡವಾಗಿ ಉಳಿಯಿತೆಂದು ಹೇಳಲಾಗದು. ಪಂಕ್ತಿಭೇದದ ಚರಿತ್ರೆ ನಮ್ಮ ಅನ್ನಛತ್ರಗಳ ಚರಿತ್ರೆಯ ಭಾಗವೇ ಆಗಿದೆ. ಆದರೂ ಅಳತೆಗೋಲಾಗಿ ಆದರ್ಶ ಉಳಿದಿದೆ. ಆಚರಣೆಯ ಲೋಪವನ್ನು ಲೋಪವೆಂದು ಗುರುತಿಸಲು ಆ ಅಳತೆಗೋಲೇ ಬೇಕಾಗುತ್ತದೆ.

ಶರಣಬಸವರನ್ನು ಕುರಿತು ಜನಪದದಲ್ಲಿ ಪ್ರಸಿದ್ಧವಾದ ಒಂದು ಕಥೆಯಿದೆ. ಹೊಲ ಕಾಯಲು ಹೋದ ಶರಣರು ಹಕ್ಕಿಗಳನ್ನು ಅಟ್ಟುವುದರ ಬದಲು ಅವುಗಳಿಗೆ ಕುಡಿಯಲು ನೀರಿಟ್ಟರು. ಹಕ್ಕಿಗಳು ತಿಂದ ಮೇಲೂ ರಾಶಿಯಲ್ಲಿ ಕೊರತೆಯಾಗಲಿಲ್ಲ. ಈ ಕಥೆಯನ್ನು ಔದಾರ್ಯದ ನಿದರ್ಶನವೆಂದು ಹೇಳುವುದು ವಾಡಿಕೆ. ವಿಮರ್ಶೆಯ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಎರಡು ಭಾಗಗಳಿವೆ. ನೀರಿಡುವುದು ನಡತೆಯ ಭಾಗ. ರಾಶಿ ಕಡಿಮೆಯಾಗದಿರುವುದು ಪವಾಡದ ಭಾಗ. ಮೊದಲನೆಯದನ್ನು ಯಾರಾದರೂ ಅನುಸರಿಸಬಹುದು. ಎರಡನೆಯದನ್ನು ಭರವಸೆಯಾಗಿ ಇಟ್ಟುಕೊಂಡು ರಾಜ್ಯಭಾರ ಮಾಡಲು ಬರುವುದಿಲ್ಲ. ಆಶ್ರಯವನ್ನು ಕುರಿತ ನಮ್ಮ ಚರ್ಚೆಯ ಬಹುಪಾಲು ಗೊಂದಲ ಈ ಎರಡು ಭಾಗಗಳನ್ನು ಬೆರೆಸಿದ್ದರಿಂದ ಹುಟ್ಟಿದೆ. ಆಶ್ರಯದ ಪರವಾಗಿ ಮಾತನಾಡುವವರು ರಾಶಿ ಎಂದೂ ತೀರದೆಂಬಂತೆ ಮಾತನಾಡುತ್ತಾರೆ. ವಿರೋಧಿಸುವವರು ರಾಶಿ ತೀರುವುದೆಂಬ ಕಾರಣಕ್ಕೆ ನೀರನ್ನೂ ಇಡಬಾರದೆನ್ನುತ್ತಾರೆ.

೩

ಕಲಬುರಗಿಯ ಚರಿತ್ರೆಯನ್ನು ಆಶ್ರಯದ ಚರಿತ್ರೆಯಾಗಿ ಓದಲು ಸಾಧ್ಯವಿದೆ. ಈ ನಗರದ ಇನ್ನೊಂದು ಪ್ರಮುಖ ಶ್ರದ್ಧಾಕೇಂದ್ರವಾದ ದರ್ಗಾದ ಖ್ವಾಜಾ ಬಂದೇನವಾಜರು ದೆಹಲಿಯವರು. ೧೩೯೮ರಲ್ಲಿ ತೈಮೂರನ ದಾಳಿಯ ಸಂದರ್ಭದಲ್ಲಿ ಅವರು ದೆಹಲಿಯನ್ನು ತೊರೆದರು. ದಕ್ಷಿಣಕ್ಕೆ ಬಂದು ಬಹಮನಿ ಸುಲ್ತಾನ ಫಿರೋಜಶಹನ ಕಾಲದಲ್ಲಿ ಇಲ್ಲಿ ನೆಲೆಸಿ ೧೪೨೨ರಲ್ಲಿ ಇಲ್ಲಿಯೇ ತೀರಿಕೊಂಡರು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಅವರು ಯುದ್ಧದಿಂದ ತಪ್ಪಿಸಿಕೊಂಡು ಬಂದವರು. ಊರಿನ ಎರಡು ದೊಡ್ಡ ಜಾತ್ರೆ ಉರುಸುಗಳು ಹೊರಗಿನಿಂದ ಬಂದ ಇಬ್ಬರ ಹೆಸರಿನಲ್ಲಿ ನಡೆಯುತ್ತವೆ ಎಂಬುದನ್ನು ಊರು ಬಹುಮಟ್ಟಿಗೆ ಮರೆತಿದೆ. ಮರೆಯುವಷ್ಟು ಅವರು ಊರಿನವರೇ ಆಗಿಹೋದರು.

ಕಲಬುರಗಿಯಿಂದ ಕಮಲಾಪುರವನ್ನು ಹಾಯ್ದು ಹುಮನಾಬಾದಿನ ಕಡೆಗೆ ಸಾಗುವ ದಾರಿ ಬಸವಕಲ್ಯಾಣಕ್ಕೆ ಹೋಗುತ್ತದೆ. ಹನ್ನೆರಡನೆಯ ಶತಮಾನದ ಕ್ರಾಂತಿಯ ಬಳಿಕ ಶರಣರು ಕಲ್ಯಾಣದಿಂದ ಚದುರಿದರೆಂದೂ, ಚೆನ್ನಬಸವಣ್ಣನವರೊಡನೆ ಒಂದು ಗುಂಪು ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಯ ಕಾಡನ್ನು ಸೇರಿತೆಂದೂ ಪರಂಪರೆ ಹೇಳುತ್ತದೆ. ಈ ನೆನಪನ್ನು ಒಪ್ಪುವುದಾದರೆ ಕನ್ನಡದ ಅತ್ಯಂತ ಮೌಲಿಕ ಸಾಹಿತ್ಯರಾಶಿಯೊಂದು ಆಶ್ರಯ ಅರಸಿ ಹೊರಟವರ ಗಂಟಿನಲ್ಲಿ ಉಳಿದುಬಂದದ್ದು. ೨೦೧೯ರಲ್ಲಿ 'ಹೈದರಾಬಾದ್ ಕರ್ನಾಟಕ'ಕ್ಕೆ 'ಕಲ್ಯಾಣ ಕರ್ನಾಟಕ'ವೆಂದು ಮರುನಾಮಕರಣವಾದಾಗ ಕಲ್ಯಾಣದ ವೈಭವವನ್ನು ನೆನೆದವರು ಅನೇಕರು. ಕಲ್ಯಾಣವೆಂದರೆ ಓಡಿಹೋದವರ ಊರೂ ಹೌದೆಂಬುದು ಆ ಹೆಸರಿನೊಳಗೇ ಇತ್ತು.

ಇವು ದೂರದ ಸಂಗತಿಗಳೆನಿಸಿದರೆ ೧೯೪೮ ಹತ್ತಿರದ್ದು. ಆ ವರ್ಷದ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ಹತ್ಯಾಕಾಂಡ ನಡೆಯಿತು. ರಜಾಕಾರರ ಹಾವಳಿಗೆ ಬೆದರಿದ ಕುಟುಂಬಗಳು ನಿಜಾಮ ಸೀಮೆಯ ಗಡಿಯನ್ನು ದಾಟಿ ಸೊಲ್ಲಾಪುರ, ವಿಜಾಪುರಗಳ ಕಡೆಗೆ ಹೋದವು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯ ಹಿಂಸೆಯ ದಿಕ್ಕು ಬದಲಾಯಿತು. ಪಂಡಿತ ಸುಂದರಲಾಲ್ ಸಮಿತಿಯು ಮುಸಲ್ಮಾನರು ಅತಿಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ ಮತ್ತು ಬೀದರಗಳನ್ನೂ ಹೆಸರಿಸಿತು. ಹೀಗೆ ಒಂದೇ ವರ್ಷದಲ್ಲಿ ಒಂದೇ ಜಿಲ್ಲೆಯ ಎರಡು ಸಮುದಾಯಗಳು ಒಂದಾದ ಮೇಲೊಂದು ಮನೆ ಬಿಟ್ಟು ಹೊರಟವು. ಪ್ರತಿಯೊಂದು ಸಮುದಾಯವೂ ತನ್ನ ಓಟವನ್ನು ನೆನಪಿನಲ್ಲಿಟ್ಟುಕೊಂಡಿದೆ. ಇನ್ನೊಂದರ ಓಟವನ್ನು ಮರೆತಿದೆ. ಆಶ್ರಯವನ್ನು ಕುರಿತ ಇಂದಿನ ವಾಗ್ವಾದದ ಬೇರು ಈ ಅರ್ಧ ನೆನಪಿನಲ್ಲಿದೆ ಎಂಬುದು ನನ್ನ ತಿಳಿವಳಿಕೆ.

೪

ದಾಸೋಹವು ವ್ಯಕ್ತಿ ಮತ್ತು ಮಠಗಳ ಆಚರಣೆ. ಪ್ರಭುತ್ವವು ಆಶ್ರಯದಾತನಾದಾಗ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿಯೇ ಎರಡು ದೊಡ್ಡ ನಿದರ್ಶನಗಳಿವೆ.

ಮೊದಲನೆಯದು ಟಿಬೆಟನ್ನರದು. ೧೯೫೯ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದ ಬಳಿಕ ಅಂದಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು ೩೦೦೦ ಎಕರೆ ಭೂಮಿಯನ್ನು ಅವರ ವಸತಿಗಾಗಿ ನೀಡಿತು. ೧೯೬೦ರ ಕೊನೆಯಲ್ಲಿ ಬಂದವರು ಡೇರೆಗಳಲ್ಲಿದ್ದುಕೊಂಡು ಕಾಡು ಕಡಿದು ಹೊಲ ಮಾಡಿದರು. ೧೯೬೬ರಲ್ಲಿ ಉತ್ತರ ಕನ್ನಡದ ಮುಂಡಗೋಡದಲ್ಲಿ, ಅನಂತರ ಹುಣಸೂರು ಮತ್ತು ಕೊಳ್ಳೇಗಾಲದ ಸೀಮೆಗಳಲ್ಲಿ ಇನ್ನಷ್ಟು ವಸತಿಗಳಾದವು. ಸೆರಾ, ಡ್ರೆಪುಂಗ್, ಗಂಡೆನ್ ಮಹಾವಿಹಾರಗಳು ಕನ್ನಡ ನೆಲದಲ್ಲಿ ಮರುಹುಟ್ಟು ಪಡೆದವು. ಇಲ್ಲಿ ರಾಜ್ಯವು ಮೊದಲು ನೆಲ ಕೊಟ್ಟಿತು. ಆದರೆ ಕಾನೂನಿನ ಸ್ಥಾನ ದೀರ್ಘಕಾಲ ಅಸ್ಪಷ್ಟವಾಗಿಯೇ ಉಳಿಯಿತು. ಇಲ್ಲಿಯೇ ಹುಟ್ಟಿ ಬೆಳೆದವರೂ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕಾದ ವಿದೇಶಿಯರೇ ಆಗಿದ್ದರು. ೧೯೫೦ರ ಜನವರಿ ೨೬ರಿಂದ ೧೯೮೭ರ ಜುಲೈ ೧ರ ನಡುವೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಜನ್ಮತಃ ಪೌರರು ಎಂಬುದನ್ನು ಕರ್ನಾಟಕ ಉಚ್ಚ ನ್ಯಾಯಾಲಯವು ೨೦೧೩ರಲ್ಲಿ ಸ್ಪಷ್ಟಪಡಿಸಬೇಕಾಯಿತು.

ಎರಡನೆಯ ನಿದರ್ಶನ ಕಲಬುರಗಿಗೆ ಇನ್ನೂ ಹತ್ತಿರದ್ದು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ ೧೯೭೦ರ ದಶಕದ ಆರಂಭದಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಜನರ ಬಾಯಲ್ಲಿ ಆ ಊರುಗಳು ಇಂದಿಗೂ 'ಆರ್.ಎಚ್. ಕ್ಯಾಂಪು'ಗಳೇ. ಅರ್ಧ ಶತಮಾನ ಕಳೆದರೂ ಊರಿಗೆ ಊರಿನ ಹೆಸರು ಬರದೆ ಶಿಬಿರದ ಸಂಖ್ಯೆಯೇ ಉಳಿದಿರುವುದು ಅರ್ಥಪೂರ್ಣವಾಗಿದೆ. ಅಲ್ಲಿನ ಮಕ್ಕಳು ಕನ್ನಡ ಶಾಲೆಗಳಲ್ಲಿ ಓದಿದರು. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆದರು. ಹಲವರ ಪೌರತ್ವದ ಪ್ರಶ್ನೆ ಮಾತ್ರ ಇತ್ಯರ್ಥವಾಗಲಿಲ್ಲ. ೨೦೧೯ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು ೨೦೨೪ರ ಮಾರ್ಚಿಯಲ್ಲಿ ಪ್ರಕಟವಾದ ಮೇಲೆ ಅದೇ ವರ್ಷ ಅವರಲ್ಲಿ ಕೆಲವರ ಕೈಗೆ ಪೌರತ್ವ ಪತ್ರ ಬಂದಿತು.

ಈ ಎರಡೂ ಪ್ರಕರಣಗಳಲ್ಲಿ ರಾಜ್ಯದ ನಡೆ ಮೆಚ್ಚತಕ್ಕದ್ದೇ. ಆದರೆ ಅದು ದಾನದ ಮಾದರಿಯ ಮೆಚ್ಚುಗೆ. ನೆಲ ಕೊಟ್ಟ ಪ್ರಭುತ್ವ ಹಕ್ಕನ್ನು ಕೊಡಲು ಹಿಂದೇಟು ಹಾಕಿತು. ಪಂಕ್ತಿಗೆ ಕರೆದು ಎಲೆ ಹಾಕಿದವರು ಅತಿಥಿಯನ್ನು ಮೂರು ತಲೆಮಾರು ಅತಿಥಿಯಾಗಿಯೇ ಇರಿಸಿದರು. ಅತಿಥಿಯ ಸ್ಥಾನ ಗೌರವದ್ದೆನಿಸಿದರೂ ಅದು ಎಂದು ಬೇಕಾದರೂ ಹಿಂತೆಗೆದುಕೊಳ್ಳಬಹುದಾದ ಗೌರವ.

೫

೨೦೧೯ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಕಾಯ್ದೆಯು ಅಫ್ಘಾನಿಸ್ತಾನ, ಬಾಂಗ್ಲಾದೇಶ ಮತ್ತು ಪಾಕಿಸ್ತಾನಗಳಿಂದ ೨೦೧೪ರ ಡಿಸೆಂಬರ್ ೩೧ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ ಮತ್ತು ಕ್ರೈಸ್ತರಿಗೆ ಪೌರತ್ವದ ದಾರಿಯನ್ನು ತೆರೆಯಿತು. ಮುಸಲ್ಮಾನರು ಈ ಪಟ್ಟಿಯಲ್ಲಿರಲಿಲ್ಲ. ಶ್ರೀಲಂಕೆಯ ತಮಿಳರು, ಟಿಬೆಟನ್ನರು, ಮ್ಯಾನ್ಮಾರಿನ ರೋಹಿಂಗ್ಯರು ಇದರ ವ್ಯಾಪ್ತಿಗೆ ಬರಲಿಲ್ಲ. ಸಮರ್ಥಕರು ಇದನ್ನು ನೆರೆಯ ದೇಶಗಳಲ್ಲಿ ಧರ್ಮದ ಕಾರಣಕ್ಕೆ ಹಿಂಸೆಗೊಳಗಾದವರಿಗೆ ಕೊಟ್ಟ ಆಶ್ರಯವೆಂದರು. ಸಿಂಧನೂರಿನ ಶಿಬಿರಗಳನ್ನು ಬಲ್ಲವರು ಆ ಮಾತನ್ನು ಸುಲಭವಾಗಿ ತಳ್ಳಿಹಾಕಲಾರರು. ವಿರೋಧಿಸಿದವರು ಆಶ್ರಯಕ್ಕೆ ಧರ್ಮವನ್ನು ಅರ್ಹತೆಯಾಗಿಸುವುದು ಸಂವಿಧಾನಕ್ಕೆ ಹೊರತಾದುದೆಂದರು. ಸಂವಿಧಾನದ ೧೪ನೆಯ ವಿಧಿ ಪೌರರಿಗಷ್ಟೇ ಅಲ್ಲದೆ ಪ್ರತಿಯೊಬ್ಬ ವ್ಯಕ್ತಿಗೂ ಸಮಾನತೆಯನ್ನು ಹೇಳುತ್ತದೆಯಾದ್ದರಿಂದ ಆ ಮಾತೂ ಗಟ್ಟಿಯಾದುದೇ.

ಕಲಬುರಗಿಯಲ್ಲಿಯೂ ಸಭೆ ಮೆರವಣಿಗೆಗಳು ನಡೆದವು. ೨೦೨೦ರ ಫೆಬ್ರವರಿ ೫ರಿಂದ ೭ರವರೆಗೆ ಇದೇ ನಗರದಲ್ಲಿ ೮೫ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನೆರೆಯಿತು. ಅದೇ ತಿಂಗಳು ಇಲ್ಲಿನ ಸಭೆಯೊಂದರಲ್ಲಿ ಹೊರರಾಜ್ಯದ ರಾಜಕಾರಣಿಯೊಬ್ಬರು ಎರಡು ಸಮುದಾಯಗಳ ಜನಸಂಖ್ಯೆಯನ್ನು ಎದುರುಬದುರಾಗಿ ನಿಲ್ಲಿಸಿ ಆಡಿದ ಮಾತು ದೇಶದಾದ್ಯಂತ ವಿವಾದವಾಗಿ ಮೊಕದ್ದಮೆಗೆ ದಾರಿಯಾಯಿತು. ದಾಸೋಹದ ಊರಿನಲ್ಲಿ ತಲೆ ಎಣಿಕೆಯ ಭಾಷೆ ಎರಡೂ ಕಡೆಯಿಂದ ಮೊಳಗಿತೆನ್ನುವುದು ವಿಷಾದದ ಸಂಗತಿ. ಎಣಿಸುವುದು ಪಂಕ್ತಿಯಲ್ಲಿಯೂ ಉಂಟು. ಅಲ್ಲಿ ಅದು ಎಲೆ ಸಾಕಾದೀತೇ ಎಂದು ನೋಡುವುದಕ್ಕಾಗಿ.

ಆದರೆ ಈ ಚರ್ಚೆಯ ನಿಜವಾದ ಪರೀಕ್ಷೆ ನಡೆದದ್ದು ಸಭೆಗಳಲ್ಲಲ್ಲ, ಬೆಂಗಳೂರಿನ ಹೊರವಲಯದಲ್ಲಿ. ೨೦೨೦ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಗುಡಿಸಲುಗಳನ್ನು, ಅಲ್ಲಿರುವವರು ಅಕ್ರಮ ಬಾಂಗ್ಲಾದೇಶೀಯರೆಂಬ ಗುಮಾನಿಯ ಮೇಲೆ ಕೆಡವಲಾಯಿತು. ಮನೆ ಕಳೆದುಕೊಂಡವರಲ್ಲಿ ಅಸ್ಸಾಮ್, ತ್ರಿಪುರಾಗಳವರಷ್ಟೇ ಅಲ್ಲ, ಗುಳೆ ಹೋಗಿದ್ದ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ಕರ್ನಾಟಕ ಉಚ್ಚ ನ್ಯಾಯಾಲಯವು ಮುಂದಿನ ತಿಂಗಳು ಈ ತೆರವನ್ನು ಕಾನೂನುಬಾಹಿರವೆಂದು ಕಂಡು ಪುನರ್ವಸತಿಯ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. ಅದೇ ದಿನಗಳಲ್ಲಿ ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ, ಹಿಂದೆ ಬಡ ವಿದ್ಯಾರ್ಥಿಗಳ ನಿಲಯವಾಗಿದ್ದ ಕಟ್ಟಡವೊಂದು ವಿದೇಶಿಯರ ಬಂಧನ ಕೇಂದ್ರವಾಗಿ ಸಿದ್ಧವಾಯಿತು.

ಪರಕೀಯನನ್ನು ಅಟ್ಟಲು ಎತ್ತಿದ ಕೋಲು ನಮ್ಮವನ ಗುಡಿಸಲಿಗೆ ಬಿದ್ದದ್ದು ಆಕಸ್ಮಿಕವಲ್ಲ. ಬಡವನ ಮುಖದ ಮೇಲೆ ದೇಶದ ಹೆಸರು ಬರೆದಿರುವುದಿಲ್ಲ. ವಿಚಾರಣೆಗೆ ಮೊದಲೇ ಶಿಕ್ಷೆ ನಡೆಯುವಲ್ಲಿ ಯಾರು ಬೇಕಾದರೂ ವಿದೇಶಿಯಾಗಬಹುದು. ಕಲ್ಯಾಣ ಕರ್ನಾಟಕದ ಹಳ್ಳಿಗಳಿಂದ ಪ್ರತಿವರ್ಷ ಬೆಂಗಳೂರು, ಹೈದರಾಬಾದು, ಮುಂಬಯಿ, ಪುಣೆಗಳಿಗೆ ಗುಳೆ ಹೋಗುವ ಕುಟುಂಬಗಳ ಮಟ್ಟಿಗೆ ಈ ಪ್ರಶ್ನೆ ದೂರದ ಗಡಿಯದಲ್ಲ.

೬

ಈ ಹಿನ್ನೆಲೆಯಲ್ಲಿ ಪರಂಪರೆಯ ಬಳಕೆಯನ್ನು ನೋಡಬೇಕು. ಬಂದವನನ್ನು ಯಾರವನೆಂದು ಕೇಳದೆ ನಮ್ಮವನೆಂದು ಬಗೆಯುವ ಆಶಯದ ಬಸವಣ್ಣನವರ ವಚನ ಈ ವಾಗ್ವಾದದಲ್ಲಿ ಬಳಕೆಯಾದಷ್ಟು ಬೇರೆ ಯಾವ ಪಠ್ಯವೂ ಆಗಿರಲಾರದು. ಅದನ್ನು ಬಹುಮಟ್ಟಿಗೆ ಘೋಷಣೆಯಾಗಿ, ನಮ್ಮ ಸಂಸ್ಕೃತಿ ಎಲ್ಲರನ್ನೂ ಒಳಗೊಳ್ಳುವಂಥದೆಂಬ ಪ್ರಮಾಣಪತ್ರವಾಗಿ ಬಳಸಲಾಗುತ್ತದೆ. ಆದರೆ ಆ ವಚನದ ರಚನೆ ಪ್ರಾರ್ಥನೆಯದು. ತನ್ನಿಂದ ಆ ಪ್ರಶ್ನೆಯನ್ನು ಕೇಳಿಸಬೇಡವೆಂದು ಅದರ ನಿರೂಪಕ ದೇವರಲ್ಲಿ ಬೇಡಿಕೊಳ್ಳುತ್ತಾನೆ. ಅಂದರೆ ಪರಕೀಯನನ್ನು ಕಂಡೊಡನೆ ಯಾರವನೆಂಬ ಪ್ರಶ್ನೆ ತನ್ನ ನಾಲಗೆಯ ತುದಿಯಲ್ಲಿಯೂ ಇದೆಯೆಂಬುದನ್ನು ಅವನು ಒಪ್ಪಿಕೊಂಡಿದ್ದಾನೆ. ಆತ್ಮಪರೀಕ್ಷೆಯ ಪಠ್ಯವನ್ನು ಆತ್ಮಪ್ರಶಂಸೆಯ ಪಠ್ಯವನ್ನಾಗಿ ಓದಿದ್ದು ನಮ್ಮ ಚರ್ಚೆಯ ಮೊದಲ ದೋಷ.

ಎರಡನೆಯ ದೋಷ ದಾಸೋಹವನ್ನು ಪೌರತ್ವದ ಉತ್ತರವೆಂದು ತಿಳಿದದ್ದು. ದಾಸೋಹವು ಅನ್ನ ನೀಡುತ್ತದೆ. ಪಹಣಿಯನ್ನೂ ಮತವನ್ನೂ ನೀಡುವುದಿಲ್ಲ. ಮಠದ ಅಡುಗೆಮನೆಗೆ ಗಡಿ ಕಾಯುವ ಹೊಣೆಯಿಲ್ಲ. ಪ್ರಭುತ್ವಕ್ಕೆ ಅದು ಇದೆ. ಬಂದವರಲ್ಲಿ ಯಾರು ಹಿಂಸೆಯಿಂದ ತಪ್ಪಿಸಿಕೊಂಡವರು, ಯಾರು ಕೆಲಸ ಅರಸಿ ಬಂದವರು, ಯಾರಾದರೂ ಕೆಡುಕಿನ ಉದ್ದೇಶದಿಂದ ಬಂದಿರುವರೇ ಎಂದು ವಿಚಾರಿಸುವ ಹಕ್ಕನ್ನು ಪ್ರಭುತ್ವಕ್ಕೆ ನಿರಾಕರಿಸಲಾಗದು. ಕಾಯ್ದೆಯ ವಿರೋಧಿಗಳಲ್ಲಿ ಕೆಲವರು ಈ ಮಾತನ್ನು ಎದುರಿಸಲೇ ಇಲ್ಲ.

ಮೂರನೆಯ ದೋಷ ಎದುರು ಪಕ್ಷದ್ದು. ವಿಚಾರಿಸುವ ಹಕ್ಕನ್ನು ಅವರು ವಿಚಾರಿಸದೆ ಅಟ್ಟುವ ಹಕ್ಕೆಂದು ಓದಿದರು. 'ನುಸುಳುಕೋರ' ಎಂಬ ಪದ ಈ ಓದಿನ ಫಲ. ಆ ಪದ ಬಳಕೆಯಾದೊಡನೆ ವಿಚಾರಣೆ ಮುಗಿದಂತೆಯೇ. ಆಮೇಲೆ ಉಳಿಯುವುದು ಜಾರಿಯೊಂದೇ.

ದಾಸೋಹ ಈ ವಾಗ್ವಾದಕ್ಕೆ ಕೊಡಬಲ್ಲದ್ದು ಪ್ರಶ್ನೆಗಳ ಕ್ರಮವನ್ನು. ಪಂಕ್ತಿಯಲ್ಲಿ ಕುಳಿತವನಿಗೆ ಮೊದಲು ಎಲೆ. ಊರು ಯಾವುದು, ಬಂದ ಕಾರ್ಯವೇನು ಎಂಬ ಮಾತು ಉಂಡು ಕೈತೊಳೆದ ಮೇಲೆ. ಪ್ರಶ್ನೆಯನ್ನು ಅದು ರದ್ದು ಮಾಡುವುದಿಲ್ಲ, ಮುಂದಕ್ಕೆ ಹಾಕುತ್ತದೆ. ಆಶ್ರಯದ ಆಧುನಿಕ ನ್ಯಾಯಶಾಸ್ತ್ರವೂ ಇದೇ ಕ್ರಮವನ್ನು ಕೇಳುತ್ತದೆ. ೧೯೫೧ರ ನಿರಾಶ್ರಿತರ ಒಡಂಬಡಿಕೆಯ ತಿರುಳು ಎಲ್ಲರಿಗೂ ಪೌರತ್ವ ಕೊಡಬೇಕೆಂಬುದಲ್ಲ; ಜೀವಕ್ಕೆ ಅಪಾಯವಿರುವಲ್ಲಿಗೆ ಯಾರನ್ನೂ ಮರಳಿ ನೂಕಬಾರದೆಂಬುದು. ಭಾರತವು ಆ ಒಡಂಬಡಿಕೆಗೂ ೧೯೬೭ರ ಪೂರಕ ಒಪ್ಪಂದಕ್ಕೂ ಸಹಿ ಹಾಕಿಲ್ಲ. ಆದರೂ ೧೯೯೬ರಲ್ಲಿ ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೧ನೆಯ ವಿಧಿಯ ರಕ್ಷಣೆ ಪೌರರಲ್ಲದವರಿಗೂ ಸಲ್ಲುತ್ತದೆಂದು ಎತ್ತಿಹಿಡಿಯಿತು. ೨೦೨೧ರ ಏಪ್ರಿಲ್‌ನಲ್ಲಿ ರೋಹಿಂಗ್ಯರ ಪ್ರಕರಣದ ಮಧ್ಯಂತರ ಆದೇಶದಲ್ಲಿ ಅದೇ ನ್ಯಾಯಾಲಯವು ಈ ವಿಧಿಗಳು ಎಲ್ಲ ವ್ಯಕ್ತಿಗಳಿಗೂ ಅನ್ವಯಿಸುತ್ತವೆಂದು ಒಪ್ಪಿಯೂ, ಗಡೀಪಾರಾಗದಿರುವ ಹಕ್ಕು ಪೌರರಿಗಷ್ಟೇ ಇರುವ ವಾಸದ ಹಕ್ಕಿನ ಅಂಗವೆಂದು ಹೇಳಿತು. ಕ್ರಮಬದ್ಧ ವಿಧಾನವನ್ನು ಅನುಸರಿಸದೆ ಹೊರಹಾಕಬಾರದೆಂದೂ ಸೇರಿಸಿತು. ನ್ಯಾಯಾಲಯದ ಮಾತಿನಲ್ಲಿಯೇ ಕಾಣುವ ಈ ಬಿಗುವು ಶಾಸನದ ಕೊರತೆಯಿಂದ ಹುಟ್ಟಿದ್ದು. ಆಶ್ರಯಾರ್ಥಿಯೆಂದರೆ ಯಾರು, ಅವನ ಅರ್ಜಿಯನ್ನು ಯಾರು, ಎಷ್ಟು ದಿನಗಳಲ್ಲಿ ತೀರ್ಮಾನಿಸಬೇಕು ಎಂದು ಹೇಳುವ ಕಾನೂನು ನಮ್ಮಲ್ಲಿಲ್ಲ. ೨೦೧೫ರಲ್ಲಿ ಲೋಕಸಭೆಯಲ್ಲಿ ಖಾಸಗಿ ಸದಸ್ಯರೊಬ್ಬರು ಮಂಡಿಸಿದ ಆಶ್ರಯ ಮಸೂದೆ ಕಾಯ್ದೆಯಾಗಲಿಲ್ಲ. ೨೦೨೫ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯೂ ಆ ಕೊರತೆಯನ್ನು ತುಂಬಿಲ್ಲ.

ಕಾನೂನಿಲ್ಲದಲ್ಲಿ ಉಳಿಯುವುದು ಕೃಪೆ. ಟಿಬೆಟನ್ನರಿಗೆ ಅದು ನೆಲವಾಗಿ ದೊರೆಯಿತು, ಸಿಂಧನೂರಿನವರಿಗೆ ಅರ್ಧ ಶತಮಾನದ ನಂತರ ಪತ್ರವಾಗಿ ದೊರೆಯಿತು, ಇನ್ನು ಕೆಲವರಿಗೆ ದೊರೆಯಲೇ ಇಲ್ಲ. ಕೃಪೆಯ ಈ ಏರುಪೇರು ದಾನದ ಲಕ್ಷಣ. ಪಂಕ್ತಿಯಲ್ಲಿ ಒಬ್ಬನಿಗೆ ಬಡಿಸಿ ಪಕ್ಕದವನ ಎಲೆಯನ್ನು ಬರಿದಾಗಿ ಬಿಡುವುದನ್ನು ದಾಸೋಹವೆಂದು ಕರೆಯಲು ಬರುವುದಿಲ್ಲ.

೭

ಒಟ್ಟಾರೆಯಾಗಿ ಹೇಳುವುದಾದರೆ, ಆಶ್ರಯವನ್ನು ಕುರಿತ ಕನ್ನಡದ ಸಂಕಥನವು ಅನುಕಂಪ ಮತ್ತು ಅನುಮಾನಗಳ ನಡುವೆ ತೂಗಾಡುತ್ತಿದೆ. ಎರಡಕ್ಕೂ ಎದುರಿಗಿರುವವನು 'ನಿರಾಶ್ರಿತ'ನೇ. ಅವನ ಮಾತನ್ನು ಕೇಳುವ ವ್ಯವಸ್ಥೆ ಎರಡರಲ್ಲಿಯೂ ಇಲ್ಲ. ಶರಣ ಪರಂಪರೆಯನ್ನು ನಾವು ಔದಾರ್ಯದ ದಾಖಲೆಯಾಗಿ ಉಲ್ಲೇಖಿಸುವುದನ್ನು ಬಿಟ್ಟು ನಡವಳಿಕೆಯ ಕಟ್ಟಳೆಯಾಗಿ ಓದಬೇಕಾಗಿದೆ. ಆ ಕಟ್ಟಳೆಯ ಪ್ರಕಾರ ಮೊದಲು ಜೀವ, ಆಮೇಲೆ ವಿಚಾರಣೆ, ವಿಚಾರಣೆಯ ಕೊನೆಯಲ್ಲಿ ಒಂದು ಖಚಿತವಾದ ಉತ್ತರ. ಉತ್ತರ ಅಲ್ಲವೆಂದೂ ಆಗಿರಬಹುದು. ಆದರೆ ಅದನ್ನು ಕೇಳುವವನ ಎದುರು ನಿಂತು, ಕಾರಣ ಹೇಳಿ, ಹೇಳಬೇಕಾಗುತ್ತದೆ.

ಇದಕ್ಕೆ ಬೇಕಾದ ಪದವನ್ನು ನಾವು ಹೊರಗಿನಿಂದ ತರಬೇಕಾಗಿಲ್ಲ. ಅರಳಗುಂಡಗಿಯಿಂದ ಬಂದ ಶರಣರ ಗುಡಿಯ ಅಂಗಳದಲ್ಲಿ ಅದು ದಿನವೂ ಬಳಕೆಯಲ್ಲಿದೆ. ಅಲ್ಲಿ 'ಶರಣಾರ್ಥಿ' ಎಂದು ಕೈಮುಗಿಯುವವರು ತಾವು ಹೇಳಿದ ಮಾತಿನ ಅರ್ಥವನ್ನು ಒಮ್ಮೆ ಬಿಡಿಸಿ ನೋಡಿದರೆ, ಗುಳೆಯ ಗುಡಿಸಲಿನಲ್ಲಿರುವವರನ್ನೂ ಗಡಿ ದಾಟಿ ಬಂದವರನ್ನೂ ಕುರಿತ ಚರ್ಚೆ ಬೇರೊಂದು ನೆಲೆಯಿಂದ ಆರಂಭವಾದೀತು.